ಇಲಿಯ ಮೇಲೂ ಒಂದು ಕಣ್ಣಿರಲಿ

ಇಲಿಯಿಂದ ಮನುಷ್ಯನಿಗೆ ರೋಗ ಬರುತ್ತದೆಂಬುದು ನಮಗೆಲ್ಲ ತಿಳಿದ ವಿಷಯ. ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನರು ಊರನ್ನೇ ಬಿಡುತ್ತಿದ್ದರೆಂದು ಹಿರಿಯರಿಂದ ಕೇಳಿದ್ದೇವೆ. ಆದರೆ ಮನುಷ್ಯನ ರೋಗವೂ ಇಲಿಗೆ ತಗಲಬಹುದಲ್ಲವೇ?

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 2021ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ವಿಜ್ಞಾನಿಗಳು 79 ಇಲಿಗಳನ್ನು ಹಿಡಿದು ಪರೀಕ್ಷಿಸಿದರು. ಅವುಗಳಲ್ಲಿ 13 ಇಲಿಗಳ ರಕ್ತದಲ್ಲಿ ಕೊರೋನಾ ಸೋಂಕು ತಗಲಿದ್ದರ ಗುರುತು ಸಿಕ್ಕಿತು. ಆಲ್ಫಾ, ಡೆಲ್ಟಾ, ಓಮಿಕ್ರಾನ್ ತಳಿಗಳು ಇಲಿಗೆ ಅಂಟಬಲ್ಲವೆಂದು ಪ್ರಯೋಗಾಲಯದಲ್ಲಿಯೂ ಕಂಡುಬಂದಿತು. ಆ ಇಲಿಗಳಿಂದ ರೋಗವು ಜನರಿಗೆ ಮರಳಿತೆಂಬುದಕ್ಕೆ ಪುರಾವೆ ದೊರೆಯಲಿಲ್ಲ, ಆದ್ದರಿಂದ ಹೆದರಬೇಕಾಗಿಲ್ಲ.

ಹಾಗಾದರೆ ರೋಗ ತಗ್ಗಿದ ಮೇಲೆ ಇಲಿಗಳನ್ನು ಪರೀಕ್ಷಿಸುವುದು ವ್ಯರ್ಥ ಖರ್ಚಲ್ಲವೇ ಎಂದು ಕೆಲವರು ಕೇಳಬಹುದು. ನಾವು ಅದನ್ನು ಒಪ್ಪುವುದಿಲ್ಲ. 2020ರಲ್ಲಿ ಡೆನ್ಮಾರ್ಕಿನಲ್ಲಿ ತುಪ್ಪಳಕ್ಕಾಗಿ ಸಾಕಿದ ಮಿಂಕ್ ಎಂಬ ಪ್ರಾಣಿಗಳಿಗೆ ಮನುಷ್ಯನಿಂದ ಕೊರೋನಾ ತಗಲಿತು; ಅಲ್ಲಿ ವೈರಸ್ಸು ರೂಪ ಬದಲಿಸಿ ಮತ್ತೆ ಮನುಷ್ಯನಿಗೆ ಹರಡಿತು. ಮಿಂಕ್ ಗೂಡಿನಲ್ಲಿರುವ ಪ್ರಾಣಿ. ಇಲಿಗಾದರೋ ಚರಂಡಿ, ಅಂಗಡಿ, ಅಡಿಗೆಮನೆಗಳೆಲ್ಲ ಒಂದೇ. ದನ ನುಗ್ಗಿದ ಮೇಲೆ ಬೇಲಿ ಕಟ್ಟಿ ಫಲವೇನು? ದೊಡ್ಡ ನಗರಗಳಲ್ಲಿ ಈ ಪರೀಕ್ಷೆ ಕಾಲಕಾಲಕ್ಕೆ ನಡೆಯಲೇಬೇಕು.

ರಕ್ತಪರೀಕ್ಷೆ ವಿಜ್ಞಾನಿಗಳ ಕೆಲಸ. ಆದರೆ ಇಲಿಗಳನ್ನು ಬಳಿಗೆ ಕರೆಯುವುದು ನಾವು ಚೆಲ್ಲುವ ಎಂಜಲು. ಇಲಿಜ್ವರದ ಭಯವಂತೂ ಪ್ರತಿ ಮಳೆಗಾಲದಲ್ಲಿ ನಮಗೆ ಇದ್ದೇ ಇದೆ. ವಿದ್ಯಾರ್ಥಿಗಳಾದ ನಾವು ಊಟದ ಎಂಜಲನ್ನು ಶಾಲೆಯ ಹಿಂದೆ ಎಸೆಯದೆ ಗುಂಡಿಯಲ್ಲಿ ಮುಚ್ಚೋಣ. ಮನೆಯಲ್ಲಿ ಹಿರಿಯರೂ ಇದಕ್ಕೆ ಕೈಗೂಡಿಸಲಿ.