ಪ್ರತಿಕಾಯ ಇದ್ದ ಮಾತ್ರಕ್ಕೆ ಮಗು ಕ್ಷೇಮವೇ?

ನಿಕರಾಗುವಾದ ರಾಜಧಾನಿ ಮನಾಗುವಾದಲ್ಲಿ 2004ರಿಂದ ಸಾವಿರಾರು ಮಕ್ಕಳ ರಕ್ತವನ್ನು ವರ್ಷಕ್ಕೊಮ್ಮೆ ತೆಗೆದು, ಅದರಲ್ಲಿರುವ ಡೆಂಗಿ ಪ್ರತಿಕಾಯಗಳನ್ನು ಅಳೆಯುತ್ತಾ ಬಂದಿದ್ದಾರೆ. 2017ರಲ್ಲಿ ಪ್ರಕಟವಾದ ಈ ಅಧ್ಯಯನದ ಫಲಿತಾಂಶ ಇಬ್ಬಗೆಯದು. ಪ್ರತಿಕಾಯ ಬಹಳ ಹೆಚ್ಚಿದ್ದ ಮಕ್ಕಳಿಗೆ ರೋಗ ತಗಲಿದ್ದು ಕಡಿಮೆ. ಆದರೆ 1:21ರಿಂದ 1:80ರ ನಡುವಿನ ಮಟ್ಟದಲ್ಲಿದ್ದವರಿಗೆ (ರಕ್ತವನ್ನು ಎಷ್ಟರವರೆಗೆ ತೆಳುಗೊಳಿಸಿದರೂ ಪ್ರತಿಕಾಯ ಕಾಣುತ್ತದೆ ಎಂಬ ಅಳತೆ ಇದು) ತೀವ್ರ ಡೆಂಗಿಯ ಅಪಾಯ, ಪ್ರತಿಕಾಯವೇ ಇಲ್ಲದ ಮಕ್ಕಳಿಗಿಂತ ಏಳು ಪಟ್ಟಿಗೂ ಹೆಚ್ಚು.

ಪ್ರತಿಕಾಯದ ಮಟ್ಟವನ್ನೇ ರಕ್ಷಣೆಯ ಅಳತೆಗೋಲು ಮಾಡಿಕೊಳ್ಳೋಣ ಎನ್ನುವವರ ವಾದ ಹಗುರವಾದದ್ದಲ್ಲ. ಡೆಂಗಿಯ ಹತ್ತಿರದ ಸಂಬಂಧಿ ಜಪಾನೀಸ್ ಎನ್ಸೆಫಲೈಟಿಸ್‌ಗೆ 1:10ರ ಮಟ್ಟವನ್ನು ರಕ್ಷಣೆಯ ಗುರುತಾಗಿ ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ. ಅಂಥದೊಂದು ಗೆರೆ ಡೆಂಗಿಗೂ ಸಿಕ್ಕಿದರೆ ಪ್ರತಿ ಹೊಸ ಲಸಿಕೆಗೂ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಕಾಯಿಸಬೇಕಿಲ್ಲ. ಡೆಂಗ್‌ವಾಕ್ಸಿಯಾ ಲಸಿಕೆಯ ಪರೀಕ್ಷೆಗಳಲ್ಲೂ ಪ್ರತಿಕಾಯ ಏರಿದಷ್ಟೂ ಡೆಂಗಿ ಜ್ವರದ ಪ್ರಕರಣ ಇಳಿದದ್ದು ನಿಜ.

ಆದರೆ ಅದೇ ಲಸಿಕೆಯ ಮುಂದಿನ ಕಥೆ ನೋಡಿ. ಫಿಲಿಪ್ಪೀನ್ಸ್ ಸರ್ಕಾರ 2016ರಲ್ಲಿ ಅದನ್ನು ಶಾಲೆಗಳಿಗೆ ಒಯ್ದು ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹಾಕಿಸಿತು. 2017ರ ನವೆಂಬರ್‌ನಲ್ಲಿ ತಯಾರಕ ಸನೋಫಿಯೇ ಹೇಳಿತು: ಮೊದಲು ಡೆಂಗಿ ಬಾರದ ಮಕ್ಕಳಿಗೆ ಈ ಲಸಿಕೆಯ ನಂತರ ತೀವ್ರ ಕಾಯಿಲೆಯ ಅಪಾಯ ಹೆಚ್ಚಬಹುದು. ಆ ಮಕ್ಕಳ ರಕ್ತದಲ್ಲಿ ಲಸಿಕೆಯಿಂದ ಪ್ರತಿಕಾಯ ಹುಟ್ಟಿರಲಿಲ್ಲವೆಂದಲ್ಲ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದಕ್ಕೆ ಹುಟ್ಟಿದ ಪ್ರತಿಕಾಯ ಇನ್ನೊಂದಕ್ಕೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸಲಾರದೆ, ಬಿಳಿ ರಕ್ತಕಣದೊಳಕ್ಕೆ ತಾನೇ ಕರೆದೊಯ್ಯಬಹುದು. ವೈರಸ್ ಅಲ್ಲಿ ಬೆಳೆಯುತ್ತದೆ. ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆಗೆ ಬಳಸುವ ಕೋಶಗಳಲ್ಲಿ ಪ್ರತಿಕಾಯ ವೈರಸ್ಸನ್ನು ಒಳಗೊಯ್ಯುವ ಆ ಬಾಗಿಲೇ ಇರುವುದಿಲ್ಲ. ಹಾಗಾಗಿ ಈ ಕೇಡು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ತಾಯಿಯಿಂದ ಬಂದ ಪ್ರತಿಕಾಯ ಕರಗುತ್ತಿರುವ ಆರರಿಂದ ಒಂಬತ್ತು ತಿಂಗಳ ಕೂಸುಗಳಲ್ಲಿ ಡೆಂಗಿ ಉಲ್ಬಣಿಸುವುದೂ ಇದೇ ಕಾರಣಕ್ಕೆ ಎಂಬುದು ಬಹಳಷ್ಟು ತಜ್ಞರ ಅಭಿಪ್ರಾಯ.

ಭಯವನ್ನೂ ಅಳೆದು ನೋಡಬೇಕು. ಎರಡನೇ ಬಾರಿ ಡೆಂಗಿ ತಗಲಿದ ಮಕ್ಕಳಲ್ಲಿ ಬಹುಪಾಲು ತೀವ್ರ ಸ್ಥಿತಿಗೆ ಹೋಗುವುದಿಲ್ಲ. ಅಪಾಯದ ಮಾತು ಗದ್ದಲವಾದರೆ ಏನಾಗುತ್ತದೆಂಬುದಕ್ಕೂ ಫಿಲಿಪ್ಪೀನ್ಸೇ ಸಾಕ್ಷಿ: ಅಲ್ಲಿ ಎಲ್ಲ ಲಸಿಕೆಗಳ ಮೇಲಿನ ನಂಬಿಕೆಯೂ ಕುಸಿಯಿತು, 2019ರಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು.

ನನ್ನ ಮಟ್ಟಿಗೆ, ಗುಂಪಿನ ಲೆಕ್ಕಕ್ಕೆ ಪ್ರತಿಕಾಯದ ಈ ಸಂಖ್ಯೆ ಉಪಯುಕ್ತ. ಒಂದು ಮಗುವಿನ ಭರವಸೆಗೆ ಸಾಲದು. ಪ್ರತಿಕಾಯದ ಮಟ್ಟವೊಂದನ್ನೇ ನೋಡಿ ಚಿಕ್ಕ ಮಕ್ಕಳ ಲಸಿಕೆಗೆ ಅನುಮತಿ ಕೊಡಬಾರದು. ಹಿಂದೆ ಡೆಂಗಿ ಬಂದವರು, ಬಾರದವರು ಎಂದು ವಿಂಗಡಿಸಿ, ನಾಲ್ಕೂ ಬಗೆಗಳಿಗೆ ಬೇರೆಬೇರೆಯಾಗಿ, ವರ್ಷಗಳ ಕಾಲ ಗಮನಿಸಲೇಬೇಕು. ಭಾರತದಲ್ಲಿ 2024ರಲ್ಲಿ ಶುರುವಾದ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪರೀಕ್ಷೆ ವಯಸ್ಕರ ಮೇಲೆ. ಮಕ್ಕಳ ಸರದಿ ಬಂದಾಗಲೂ ಈ ಪಟ್ಟನ್ನು ಸಡಿಲಿಸಬಾರದು.

ಮಗುವಿನ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಡೆಂಗಿ ಐಜಿಜಿ (ಒಂದು ಬಗೆಯ ಪ್ರತಿಕಾಯ) ಪಾಸಿಟಿವ್ ಎಂದಿದ್ದರೆ, ಇನ್ನು ಡೆಂಗಿ ಬರುವುದಿಲ್ಲವೆಂದು ತಂದೆತಾಯಿ ನಿಶ್ಚಿಂತರಾಗಬೇಡಿ. ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ಬಿಡದ ವಾಂತಿ ಅಥವಾ ಸುಸ್ತು ಕಂಡರೆ ತಡಮಾಡದೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ.