ಅರಿಸಿನ, ಪ್ಲಾಟಿನಂ, ಬೆಳಕು

ಬಿಳಿಯ ಬಟ್ಟೆಗೆ ತಗುಲಿದ ಅರಿಸಿನದ ಕಲೆ ಸಾಬೂನಿಗೆ ಸುಲಭವಾಗಿ ಜಗ್ಗುವುದಿಲ್ಲವೆಂಬುದು ಪ್ರತಿಯೊಬ್ಬ ಗೃಹಿಣಿಗೂ ತಿಳಿದ ಸಂಗತಿ. ಸಾಬೂನು ಸೋಕಿದೊಡನೆ ಅದು ಕೆಂಪಗಾಗಿ ಮತ್ತಷ್ಟು ಮೊಂಡುತನ ತೋರುತ್ತದೆ. ಆದರೆ ಅದೇ ಬಟ್ಟೆಯನ್ನು ಬಿಸಿಲಿನಲ್ಲಿ ಹರವಿದರೆ ಕಲೆ ತಾನಾಗಿ ಮಾಸುತ್ತ ಬರುತ್ತದೆ. ನೀರಿಗೂ ಸಾಬೂನಿಗೂ ಆಗದ ಕೆಲಸವನ್ನು ಬೆಳಕು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಅರಿಸಿನಕ್ಕೆ ಹಳದಿ ಬಣ್ಣವನ್ನು ಕೊಡುವ ಕರ್ಕ್ಯುಮಿನ್ ಎಂಬ ವಸ್ತು ಬೆಳಕನ್ನು ಹೀರಿ ಕೆರಳುತ್ತದೆ, ಕೆರಳಿ ಒಡೆದುಹೋಗುತ್ತದೆ.

ಈ ಕೆರಳುವ ಗುಣವನ್ನು ಕ್ಯಾನ್ಸರ್ ರೋಗದ ವಿರುದ್ಧ ಹೂಡಬಹುದೇ ಎಂದು ಪರೀಕ್ಷಿಸಿ ನೋಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ, ರಸಾಯನ ವಿಜ್ಞಾನಿ ಅಖಿಲ್ ರಂಜನ್ ಚಕ್ರವರ್ತಿಯವರೂ ಒಬ್ಬರು. 1998ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯನ್ನು ಪಡೆದ ಈ ವಿದ್ವಾಂಸರ ಸಂಶೋಧನೆಯ ಮಹತ್ವವನ್ನು ಅರಿಯಬೇಕಾದರೆ, ಮೊದಲು ಎರಡು ಹಳೆಯ ಕಥೆಗಳನ್ನು ತಿಳಿದಿರಬೇಕು.

ಮೊದಲನೆಯದು ಜರ್ಮನಿಯ ಮ್ಯೂನಿಕ್ ನಗರದ ಕಥೆ. ಅಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ತನ್ನ ಗುರು ಹರ್ಮನ್ ಫಾನ್ ಟಾಪೈನರ್ ಅವರ ಪ್ರಯೋಗಶಾಲೆಯಲ್ಲಿ, ನೀರಿನಲ್ಲಿ ಈಜಾಡುವ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಯ ಮೇಲೆ ಅಕ್ರಿಡೀನ್ ಎಂಬ ಬಣ್ಣದ ಪರಿಣಾಮವನ್ನು ಪರೀಕ್ಷಿಸುತ್ತಿದ್ದನು. ಬಣ್ಣ ಅದೇ, ಪ್ರಮಾಣವೂ ಅದೇ. ಆದರೆ ಜೀವಿಗಳು ಒಂದು ದಿನ ಬೇಗನೆ ಸಾಯುತ್ತಿದ್ದವು, ಇನ್ನೊಂದು ದಿನ ಬಹಳ ಹೊತ್ತು ಬದುಕಿರುತ್ತಿದ್ದವು. ಈ ವಿಲಕ್ಷಣಕ್ಕೆ ಕಾರಣವನ್ನು ಹುಡುಕಿದಾಗ, ವ್ಯತ್ಯಾಸವಿದ್ದುದು ಆಯಾ ದಿನದ ಬೆಳಕಿನಲ್ಲಿ ಎಂಬುದು ಹೊರಬಿತ್ತು. ಬರಿಯ ಬೆಳಕು ಕೊಲ್ಲಲಿಲ್ಲ, ಕತ್ತಲಲ್ಲಿದ್ದ ಬಣ್ಣವೂ ಅಷ್ಟಾಗಿ ಕೊಲ್ಲಲಿಲ್ಲ. ಎರಡೂ ಕೂಡಿದಾಗ ಸಾವು ಸಂಭವಿಸಿತು. 1900ರಲ್ಲಿ ಪ್ರಕಟವಾದ ಈ ಸಂಗತಿಯೇ ಬೆಳಕಿನ ಚಿಕಿತ್ಸೆಯ ಒಂದು ದೊಡ್ಡ ಶಾಖೆಗೆ ಬೀಜವಾಯಿತು. ಈ ಕ್ರಿಯೆಗೆ ಆಮ್ಲಜನಕವೂ ಬೇಕೆಂಬುದನ್ನು ಟಾಪೈನರ್ ಕೆಲವೇ ವರ್ಷಗಳಲ್ಲಿ ತೋರಿಸಿಕೊಟ್ಟರು.

ಎರಡನೆಯದು ಅಮೆರಿಕದ ಮಿಚಿಗನ್ ಪ್ರಾಂತದ ಕಥೆ. ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ವಿದ್ಯುತ್ತಿನ ಪ್ರಭಾವದಲ್ಲಿ ಬ್ಯಾಕ್ಟೀರಿಯಗಳು ಹೇಗೆ ಬೆಳೆಯುತ್ತವೆಂದು ನೋಡಹೊರಟಿದ್ದರು. ಅವು ಒಡೆದು ಇಮ್ಮಡಿಯಾಗುವುದನ್ನು ನಿಲ್ಲಿಸಿ, ದಾರದ ಎಳೆಗಳಂತೆ ಉದ್ದುದ್ದನೆ ಬೆಳೆಯತೊಡಗಿದವು. ಇದು ವಿದ್ಯುತ್ತಿನ ಮಹಿಮೆಯಲ್ಲ. ವಿದ್ಯುದಗ್ರಗಳ ಪ್ಲಾಟಿನಂ ಲೋಹ ಅಷ್ಟಿಷ್ಟು ಕರಗಿ ದ್ರವದೊಳಗೆ ಹೊಸ ಸಂಯುಕ್ತಗಳಾಗಿದ್ದುದರ ಫಲ. 1965ರಲ್ಲಿ ಪ್ರಕಟವಾದ ಈ ಶೋಧದಿಂದ, 1844ರಷ್ಟು ಹಿಂದೆಯೇ ತಯಾರಾಗಿ ಮೂಲೆಗುಂಪಾಗಿದ್ದ ಒಂದು ಸಂಯುಕ್ತಕ್ಕೆ ಮರುಹುಟ್ಟು ದೊರೆಯಿತು. ಅದೇ ಸಿಸ್‌ಪ್ಲಾಟಿನ್. ಕಣವಿಭಜನೆಯನ್ನು ತಡೆಯುವ ವಸ್ತು, ಅಂಕೆಯಿಲ್ಲದೆ ವಿಭಜನೆಗೊಳ್ಳುವ ಕ್ಯಾನ್ಸರ್ ಕಣವನ್ನೂ ತಡೆದೀತೆಂಬ ಊಹೆ ನಿಜವಾಯಿತು. 1978ರಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧವೆಂಬ ಮನ್ನಣೆ ದೊರಕಿದ ಮೇಲೆ, ಅದರಿಂದ ಪ್ರಾಣ ಉಳಿಸಿಕೊಂಡವರು ಅಸಂಖ್ಯ.

ಆದರೆ ಈ ಔಷಧಕ್ಕೆ ಶತ್ರುಮಿತ್ರರೆಂಬ ವಿವೇಚನೆಯಿಲ್ಲ. ರಕ್ತದೊಡನೆ ಹರಿದು ದೇಹದ ಮೂಲೆಮೂಲೆಯನ್ನೂ ಸೇರುವ ಅದು, ರೋಗದ ಕಣವನ್ನು ಹೊಡೆಯುವಾಗಲೇ ಆರೋಗ್ಯವಂತ ಕಣವನ್ನೂ ಹೊಡೆಯುತ್ತದೆ. ತಡೆಯಲಾರದ ವಾಂತಿ, ಮೂತ್ರಪಿಂಡಗಳಿಗೆ ಧಕ್ಕೆ, ಕುಗ್ಗುವ ಶ್ರವಣಶಕ್ತಿ, ಕೈಕಾಲುಗಳಲ್ಲಿ ಜೋಮು—ಇವೆಲ್ಲ ಆ ಚಿಕಿತ್ಸೆಗೆ ರೋಗಿ ತೆರುವ ಬೆಲೆ. ರೋಗಕ್ಕಿಂತ ಮದ್ದೇ ಘೋರವೆಂದು ನಿಟ್ಟುಸಿರಿಟ್ಟ ಸಂಸಾರಗಳು ಎಷ್ಟಿಲ್ಲ! ಬೇಕಾದ ಕಡೆ ಮಾತ್ರ ಎಚ್ಚೆತ್ತು, ಉಳಿದ ಕಡೆಗಳಲ್ಲಿ ನಿದ್ರಿಸುವಂತಹ ಔಷಧವೊಂದು ಇದ್ದಿದ್ದರೆ?

ಇಲ್ಲಿಯೇ ಆ ಎರಡು ಕಥೆಗಳೂ ಒಂದಾಗುತ್ತವೆ. ಲೋಹದ ಪರಮಾಣುವೊಂದು ನಡುವೆ ಕುಳಿತು, ಸುತ್ತಲಿನ ಬೇರೆ ಅಣುಗಳು ಅದರ ಕೈ ಹಿಡಿದು ನಿಂತಿರುವ ರಚನೆಗೆ ಲೋಹಸಂಕೀರ್ಣವೆಂದು ಹೆಸರು. ಇದೇನೂ ಅಪರಿಚಿತವಾದ ವಸ್ತುವಲ್ಲ. ನೆತ್ತರಿನ ಕೆಂಪಿನಲ್ಲಿ ಕಬ್ಬಿಣವೂ, ಎಲೆಯ ಹಸುರಿನಲ್ಲಿ ಮೆಗ್ನೀಸಿಯಮ್ಮೂ ಹೀಗೆಯೇ ಕುಳಿತಿವೆ. ಸಿಸ್‌ಪ್ಲಾಟಿನ್ ಅಣುವಿನಲ್ಲಿ ನಡುವಣ ಪ್ಲಾಟಿನಮ್ಮಿಗೆ ಎರಡು ಅಮೋನಿಯ ಅಣುಗಳೂ ಎರಡು ಕ್ಲೋರೀನುಗಳೂ ಅಂಟಿಕೊಂಡಿರುತ್ತವೆ. ಕ್ಲೋರೀನುಗಳು ಕಳಚಿ ಬಿದ್ದಾಗ ತೆರವಾಗುವ ಕೈಗಳಿಂದ ಪ್ಲಾಟಿನಂ, ವಂಶವಾಹಿಯಾದ ಡಿ.ಎನ್.ಎ.ಯ ಎಳೆಯನ್ನು ಬಿಗಿಯಾಗಿ ಹಿಡಿದು ಕಣದ ಆಟವನ್ನು ನಿಲ್ಲಿಸುತ್ತದೆ.

ಚಕ್ರವರ್ತಿಯವರೂ ಅವರ ಸಂಗಡಿಗರೂ 2015ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಆ ಎರಡು ಕ್ಲೋರೀನುಗಳ ಸ್ಥಾನದಲ್ಲಿ ಅರಿಸಿನದ ಕರ್ಕ್ಯುಮಿನ್ ಅನ್ನು ಕೂಡಿಸಿದರು. ಇದರಿಂದ ಎರಡು ಪ್ರಯೋಜನಗಳಾದವು. ಬಿಡಿಯಾಗಿದ್ದರೆ ನೀರಿನಲ್ಲಿ ಬೇಗನೆ ಕೆಟ್ಟುಹೋಗುವ ಕರ್ಕ್ಯುಮಿನ್, ಲೋಹದ ಆಸರೆಯಲ್ಲಿ ಸ್ಥಿರವಾಗಿ ನಿಂತಿತು. ಪ್ಲಾಟಿನಮ್ಮಿನ ಕೈಗಳೂ ಕಟ್ಟಿಹಾಕಿದಂತಾಗಿ ಅದು ಕತ್ತಲಲ್ಲಿ ಸುಮ್ಮನೆ ಉಳಿಯಿತು. ಬೆಳಕು ಬಿದ್ದೊಡನೆ ಈ ಒಪ್ಪಂದ ಮುರಿಯುತ್ತದೆ. ಬಿಡುಗಡೆಗೊಂಡ ಕರ್ಕ್ಯುಮಿನ್ ಬೆಳಕಿನ ಶಕ್ತಿಯಿಂದ ಆಮ್ಲಜನಕದ ಉಗ್ರರೂಪಗಳನ್ನು ಹುಟ್ಟಿಸುತ್ತದೆ. ಬಂಧಮುಕ್ತವಾದ ಪ್ಲಾಟಿನಂ ಡಿ.ಎನ್.ಎ.ಯನ್ನು ಹಿಡಿಯುತ್ತದೆ. ಒಂದೇ ಅಣುವಿನಿಂದ ಎರಡು ಪೆಟ್ಟು! ಪ್ರಯೋಗಶಾಲೆಯಲ್ಲಿ ಬೆಳೆಸಿದ ಕಣಗಳ ಮೇಲೆ ಪರೀಕ್ಷಿಸಿದಾಗ, ಬೆಳಕಿನಲ್ಲಿ ಮಾರಕವಾದ ಈ ವಸ್ತು ಕತ್ತಲಲ್ಲಿ ಬಹುಮಟ್ಟಿಗೆ ನಿರಪಾಯವಾಗಿಯೇ ಇದ್ದಿತು.

ಇಷ್ಟಕ್ಕೇ ಹಿಗ್ಗುವಂತಿಲ್ಲ. ಕರ್ಕ್ಯುಮಿನ್ ಹೀರುವುದು ಮುಖ್ಯವಾಗಿ ನೀಲಿಯ ಕಡೆಯ ಬೆಳಕನ್ನು. ಆ ಬೆಳಕಾದರೋ ದೇಹದೊಳಗೆ ಹೆಚ್ಚು ದೂರ ಇಳಿಯಲಾರದು. ಕತ್ತಲ ಕೋಣೆಯಲ್ಲಿ ಬ್ಯಾಟರಿ ದೀಪವನ್ನು ಅಂಗೈಯಿಂದ ಮುಚ್ಚಿ ನೋಡಿದರೆ ಬೆರಳ ಸಂದುಗಳು ಕೆಂಪಗೆ ಕಾಣುತ್ತವೆ. ಮಾಂಸವನ್ನು ದಾಟಿ ಬರುವುದು ಕೆಂಪು ಬೆಳಕೇ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಅದೂ ಕೂಡ ಹೋಗುವುದು ಒಂದು ಸೆಂಟಿಮೀಟರಿನ ಆಸುಪಾಸಿಗೆ ಮಾತ್ರ. ಆದುದರಿಂದಲೇ ಕೆಂಪು ಬೆಳಕಿಗೆ ಓಗೊಡುವ ತಾಮ್ರ, ಕಬ್ಬಿಣ, ವನೇಡಿಯಂ ಸಂಕೀರ್ಣಗಳನ್ನೂ ಚಕ್ರವರ್ತಿಯವರ ಪ್ರಯೋಗಶಾಲೆ ವರ್ಷಾನುಗಟ್ಟಲೆ ಅರಸಿತು. ಇನ್ನೊಂದು ತೊಡಕೂ ಉಂಟು. ಗೆಡ್ಡೆಯ ಒಳಭಾಗದಲ್ಲಿ ಅನೇಕ ವೇಳೆ ಆಮ್ಲಜನಕದ ಕೊರತೆಯಿರುತ್ತದೆ. ಆಮ್ಲಜನಕವನ್ನೇ ನೆಚ್ಚಿದ ಔಷಧ ಅಲ್ಲಿ ಸೋಲುತ್ತದೆ. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾನಿಲಯದ ಪೀಟರ್ ಸ್ಯಾಡ್ಲರ್ ಮೊದಲಾದವರು, ಆಮ್ಲಜನಕದ ಹಂಗಿಲ್ಲದೆ ಬೆಳಕಿನಿಂದಲೇ ಎಚ್ಚರಗೊಳ್ಳುವ ಪ್ಲಾಟಿನಂ ಸಂಕೀರ್ಣಗಳನ್ನು ರೂಪಿಸಿದುದು ಈ ಕಾರಣದಿಂದಲೇ.

ಪ್ರಯೋಗಶಾಲೆಯ ಗಾಜಿನ ತಟ್ಟೆಯಿಂದ ರೋಗಿಯ ಹಾಸಿಗೆಯವರೆಗಿನ ಹಾದಿ ಬಹು ದೂರದ್ದು. ಆದರೂ ಅದು ನಡೆಯಲಾಗದ ಹಾದಿಯೇನಲ್ಲ. ಕೆನಡ ದೇಶದಲ್ಲಿ ಶೆರಿ ಮೆಕ್‌ಫಾರ್ಲೆಂಡ್ ಎಂಬ ರಸಾಯನ ವಿಜ್ಞಾನಿ ರೂಪಿಸಿದ ರುಥೇನಿಯಂ ಸಂಕೀರ್ಣವನ್ನು 2017ರಲ್ಲಿ ಟೊರಾಂಟೊ ನಗರದಲ್ಲಿ ಮೂತ್ರಕೋಶದ ಕ್ಯಾನ್ಸರ್ ರೋಗಿಗಳ ಮೇಲೆ ಮೊದಲ ಬಾರಿಗೆ ಪರೀಕ್ಷಿಸಲಾಯಿತು. ಔಷಧವನ್ನು ಮೂತ್ರಕೋಶದೊಳಗೆ ತುಂಬಿ, ಕೂದಲೆಳೆಯಂತಹ ಗಾಜಿನ ತಂತುವಿನ ಮೂಲಕ ಹಸುರು ಬೆಳಕನ್ನು ಒಳಗೆ ಹಾಯಿಸುವುದು ಆ ಚಿಕಿತ್ಸೆಯ ಕ್ರಮ. ಕ್ಯಾನ್ಸರ್ ಒಳಪದರದಲ್ಲೇ ಇರುವಾಗ ಬೆಳಕು ಆಳಕ್ಕೆ ಇಳಿಯದಿರುವುದೂ ಒಂದು ಅನುಕೂಲವೇ. ಕೆಳಗಿನ ಸ್ನಾಯುವಿಗೆ ಹಾನಿ ತಟ್ಟುವುದಿಲ್ಲ. ದೋಷವೆಂದು ಎಣಿಸಿದುದು ತಕ್ಕ ಎಡೆಯಲ್ಲಿ ಗುಣವಾಗಿ ಒದಗಿತು.

ಬೆಂಗಳೂರಿನ ಸಂಶೋಧನೆ ಕಣಗಳ ಮೇಲಿನ ಪರೀಕ್ಷೆಯೇ ಹೊರತು ರೋಗಿಗಳಿಗೆ ಕೊಡುವ ಚಿಕಿತ್ಸೆಯಲ್ಲ ಎಂಬುದನ್ನು ಮರೆಯಲಾಗದು. ಅರಿಸಿನದ ಹೆಸರು ಕೇಳಿದೊಡನೆ, ಅದನ್ನು ಹಾಲಿಗೆ ಬೆರೆಸಿ ಕುಡಿದರೆ ಕ್ಯಾನ್ಸರ್ ವಾಸಿಯಾದೀತೆಂದು ಭಾವಿಸುವುದು ಅಪಾಯಕರ. ತಿಂದ ಅರಿಸಿನದ ಕರ್ಕ್ಯುಮಿನ್ ರಕ್ತವನ್ನು ಸೇರುವುದು ಅತ್ಯಲ್ಪ. ಅಲ್ಲಿ ಅದಕ್ಕೆ ಪ್ಲಾಟಿನಮ್ಮಿನ ಜೊತೆಯೂ ಇಲ್ಲ, ಬೆಳಕೂ ಇಲ್ಲ. ಅಂತಹ ಭ್ರಮೆಯಲ್ಲಿ ಕಳೆದ ತಿಂಗಳುಗಳನ್ನು ಯಾವ ವೈದ್ಯನೂ ಮರಳಿ ಕೊಡಲಾರ. ಈ ಸಂಶೋಧನೆಯ ನಿಜವಾದ ಪಾಠ ಬೇರೆಯೇ ಆಗಿದೆ. ಔಷಧಕ್ಕೆ ಕೊಲ್ಲುವ ಶಕ್ತಿಯನ್ನು ಕೊಡುವುದು ರಸಾಯನಶಾಸ್ತ್ರಕ್ಕೆ ಎಂದೋ ಸಾಧಿಸಿದೆ. ಎಲ್ಲಿ ಕೊಲ್ಲಬಾರದೆಂಬ ವಿವೇಕವನ್ನು ಅದಕ್ಕೆ ಕಲಿಸುವುದೇ ಈಗಿನ ಸಾಹಸ. ಆ ವಿವೇಕಕ್ಕೆ ಬೆಳಕೇ ಗುರುವಾಗಿ ಒದಗಿರುವುದು ಉಚಿತವಾಗಿಯೇ ಇದೆ.