ಕ್ಯಾಮೆರಾ ಬ್ಲೇಡೋ, ಬಳುಕುವ ಸ್ಕೋಪೋ?

ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಪದರ ನಾರುಗಟ್ಟಿದ, ಬಾಯೊಳಗೆ ಒಂದು ಬೆರಳು ತೂರುವುದೂ ಕಷ್ಟವಾದ ರೋಗಿಗಳು ನಮ್ಮ ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೊಸಬರಲ್ಲ. ದವಡೆಯ ಆಪರೇಷನ್‌ಗೆ ಬಂದ ಇಂಥವರನ್ನು ಕಂಡ ಕೂಡಲೇ ಅರಿವಳಿಕೆ ವೈದ್ಯರಿಗೆ ಏಳುವ ಪ್ರಶ್ನೆ, ಉಸಿರಿನ ಟ್ಯೂಬನ್ನು ಶ್ವಾಸನಾಳಕ್ಕೆ ಇಳಿಸುವುದು ಹೇಗೆ ಎಂಬುದು. ನಿದ್ದೆ ಬರಿಸುವ, ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ ರೋಗಿಯ ಸ್ವಂತ ಉಸಿರಾಟ ನಿಂತುಹೋಗುತ್ತದೆ. ಆಮೇಲೆ ಟ್ಯೂಬೂ ಇಳಿಯದೆ, ಮಾಸ್ಕ್ ಒತ್ತಿ ಹಿಡಿದರೂ ಗಾಳಿ ಹೋಗದೆ ಇದ್ದರೆ ಉಳಿಯುವುದು ಕೆಲವೇ ನಿಮಿಷ.

ಆಕ್ಸ್‌ಫರ್ಡಿನ ರಾಬರ್ಟ್ ಮ್ಯಾಕಿಂಟಾಷ್ 1943ರಲ್ಲಿ ಪರಿಚಯಿಸಿದ, ನಾಲಿಗೆ ಎತ್ತಿ ಹಿಡಿದು ಧ್ವನಿತಂತು ತೋರಿಸುವ ಬಾಗಿದ ಬ್ಲೇಡು ಇಂದಿಗೂ ಬಳಕೆಯಲ್ಲಿದೆ. ಆದರೆ ಅದನ್ನು ಬಳಸಬೇಕಾದರೆ ವೈದ್ಯರ ಕಣ್ಣು ಮತ್ತು ರೋಗಿಯ ಧ್ವನಿತಂತು ಒಂದೇ ಗೆರೆಗೆ ಬರಬೇಕು. ಸುಟ್ಟ ಗಾಯ ಮಾಗಿ ಗದ್ದ ಎದೆಗೆ ಎಳೆದುಕೊಂಡಿದ್ದರೆ, ಕತ್ತಿನ ಮೂಳೆಗಳು ಬೆಸೆದುಹೋಗಿದ್ದರೆ ಆ ಗೆರೆ ಸಿಗುವುದಿಲ್ಲ. ಈ ತೊಡಕಿಗೆ ಪರಿಹಾರ ಎರಡು ಕಡೆಯಿಂದ ಬಂತು. 1967ರಲ್ಲಿ ಲಂಡನ್ನಿನ ಪೀಟರ್ ಮರ್ಫಿ ಪಿತ್ತನಾಳ ನೋಡುವ ಬಳುಕುವ ಸ್ಕೋಪನ್ನೇ ಮೂಗಿನಲ್ಲಿ ಇಳಿಸಿ, ಅದರ ಮೇಲೆ ಟ್ಯೂಬನ್ನು ಜಾರಿಸಿದರು. 2001ರ ಸುಮಾರಿಗೆ ಕೆನಡಾದ ಶಸ್ತ್ರವೈದ್ಯ ಜಾನ್ ಪೇಸಿ ಬ್ಲೇಡಿಗೇ ಕ್ಯಾಮೆರಾ ಕೂರಿಸಿ ಗ್ಲೈಡ್‌ಸ್ಕೋಪ್ ತಂದರು.

ಈ ವಿಡಿಯೋ ಲ್ಯಾರಿಂಗೋಸ್ಕೋಪಿನ ಪರ ಸಾಕ್ಷ್ಯ ಗಟ್ಟಿಯಾಗಿದೆ. 2024ರಲ್ಲಿ ಪ್ರಕಟವಾದ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ಪ್ರಯೋಗ 8,429 ಆಪರೇಷನ್‌ಗಳದ್ದು. ಒಂದಕ್ಕಿಂತ ಹೆಚ್ಚು ಪ್ರಯತ್ನ ಬೇಕಾದದ್ದು ಹಳೆಯ ಬ್ಲೇಡಿನಲ್ಲಿ ಶೇ 7.6, ವಿಡಿಯೋದಲ್ಲಿ ಶೇ 1.7. ಹಲ್ಲಿಗೆ, ಗಂಟಲಿಗೆ ಆದ ಪೆಟ್ಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಮಾತು ನೆನಪಿರಲಿ, ವಿಡಿಯೋ ಇಲ್ಲಿ ಗೆದ್ದದ್ದು ಹಳೆಯ ಬ್ಲೇಡಿನ ಎದುರು. ಬಳುಕುವ ಸ್ಕೋಪ್ ಕಣದಲ್ಲೇ ಇರಲಿಲ್ಲ.

ನನಗೆ ಇದಕ್ಕಿಂತ ತೂಕದ್ದೆನಿಸುವುದು ಡೆನ್ಮಾರ್ಕಿನ ದಾಖಲೆ. 2015ರಲ್ಲಿ ಪ್ರಕಟವಾದ ಅದರಲ್ಲಿ, ಟ್ಯೂಬ್ ಇಳಿಸುವುದು ಕಷ್ಟವಾದ 3,391 ಪ್ರಸಂಗಗಳ ಪೈಕಿ ಶೇ 93ರಷ್ಟನ್ನು ಮೊದಲೇ ಯಾರೂ ಊಹಿಸಿರಲಿಲ್ಲ! ಹೀಗೆ ಊಹಿಸಲೆಂದೇ ಬಾಯಿ ತೆರೆಸಿ, ನಾಲಿಗೆ ಹೊರಚಾಚಿಸಿ ಗಂಟಲು ನೋಡುವ ಪರೀಕ್ಷೆಗೆ ಹೆಸರು ಕೊಟ್ಟ ಮಲ್ಲಂಪಾಟಿ ನಮ್ಮ ನೆರೆಯ ಆಂಧ್ರ ಮೂಲದವರು. ಪರೀಕ್ಷೆ ಉಪಯುಕ್ತ, ಆದರೆ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ರೋಗಿ ನಿದ್ದೆಗೆ ಜಾರಿದ ಮೇಲೆ ಎದುರಾಗುವ ಇಂಥ ಆಪತ್ತಿನಲ್ಲಿ ಥಟ್ಟನೆ ಕೈಗೆ ಬರುವುದು ವಿಡಿಯೋ ಬ್ಲೇಡು. ಸ್ಕೋಪ್ ತರಿಸಿ, ಜೋಡಿಸಿ, ಟ್ಯೂಬ್ ಏರಿಸುವಷ್ಟು ಪುರುಸೊತ್ತು ಆಗ ಇರುವುದಿಲ್ಲ.

ಹಾಗೆಂದು ಪರದೆಯಲ್ಲಿ ಕಂಡದ್ದೆಲ್ಲ ಕೈಗೆ ದಕ್ಕುವುದಿಲ್ಲ. ಹೆಚ್ಚು ಬಾಗಿದ ಬ್ಲೇಡಿನಲ್ಲಿ ಧ್ವನಿತಂತು ಸ್ಪಷ್ಟವಾಗಿ ಕಾಣುತ್ತಿದ್ದರೂ ಟ್ಯೂಬಿನ ತುದಿ ಅತ್ತಿತ್ತ ಗುದ್ದುತ್ತಲೇ ಇರುತ್ತದೆ. ಬ್ಲೇಡಿನದೇ ಬಾಗು ಟ್ಯೂಬಿಗೆ ಆಕಾರ ಕೊಡುವ ಒಳತಂತಿ, ಅಂದರೆ ಸ್ಟೈಲೆಟ್‌ಗೂ ಇರಬೇಕು. ತುದಿ ಒಳಹೊಕ್ಕ ಕೂಡಲೇ ಸ್ಟೈಲೆಟ್ಟನ್ನು ಹಿಂದಕ್ಕೆಳೆಯುತ್ತಾ ಟ್ಯೂಬನ್ನು ಮುಂದೂಡಬೇಕು. ಬ್ಲೇಡ್ ಬಾಯೊಳಗೆ ಹೋದದ್ದೇ ತಡ, ಹೊಸಬರ ಕಣ್ಣು ಪರದೆಗೆ ಅಂಟಿಕೊಳ್ಳುತ್ತದೆ. ಆದರೆ ತುಟಿಯಿಂದ ಗಂಟಲ ಹಿಂಭಾಗದವರೆಗಿನ ದಾರಿ ಕ್ಯಾಮೆರಾಗೆ ಕಾಣುವುದೇ ಇಲ್ಲ. ಅಲ್ಲಿ ಕುರುಡಾಗಿ ಒತ್ತಿ ಮೆದು ಅಂಗುಳನ್ನೇ ತೂತು ಮಾಡಿದ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿ ವರದಿಯಾಗಿವೆ.

ಬಳುಕುವ ಸ್ಕೋಪಿಗೆ ಬಾಯಿ ತೆರೆಯದಿದ್ದರೂ ಮೂಗಿನ ದಾರಿ ಇದೆ. ರೋಗಿ ಎಚ್ಚರವಿದ್ದು, ತಾನೇ ಉಸಿರಾಡುತ್ತಿರುವಾಗಲೇ ಕೆಲಸ ಮುಗಿಸಬಹುದು. ರಕ್ತ ಬಾರದಂತೆ ಮೂಗಿಗೆ ಹನಿ, ಗಂಟಲು ಮರಗಟ್ಟಲು ಲಿಗ್ನೋಕೇನ್ ಸ್ಪ್ರೇ, ಬೇಕಿದ್ದರೆ ತುಸು ಮಂಪರು. “ಕೆಮ್ಮು ಬರುತ್ತೆ ಯಜಮಾನ್ರೇ, ಗಾಬರಿ ಆಗ್ಬೇಡಿ, ನಿಧಾನಕ್ಕೆ ಉಸಿರು ಎಳ್ಕೊಳ್ಳಿ” ಎಂದು ಮಾತಾಡಿಸುತ್ತಲೇ ಸ್ಕೋಪ್ ಇಳಿಸುತ್ತಾರೆ. ಶ್ವಾಸನಾಳದ ಉಂಗುರಗಳು ಕಂಡ ಮೇಲೂ ಟ್ಯೂಬು ಧ್ವನಿಪೆಟ್ಟಿಗೆಯ ಅಂಚಿಗೆ ತಗುಲಿ ನಿಲ್ಲುವುದುಂಟು. ಬಲ ಹಾಕಬಾರದು, ತುಸು ಹಿಂದೆಳೆದು, ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಜಾರಿಕೊಂಡು ಹೋಗುತ್ತದೆ. ಮಾಡಿ ಮಾಡಿಯೇ ಕೈಗೆ ಹತ್ತಬೇಕಾದ ಕೆಲಸ ಇದು.

ಇದರ ಮಿತಿಗಳೂ ಸಣ್ಣವಲ್ಲ. ಬೆಲೆ ಹೆಚ್ಚು, ಉಪಕರಣ ನಾಜೂಕು, ಸಮಯ ಬೇಕು. ಬಾಯಲ್ಲಿ ರಕ್ತ ತುಂಬಿದ್ದರೆ ಪುಟ್ಟ ಲೆನ್ಸಿಗೆ ಕೆಂಪು ಬಿಟ್ಟು ಬೇರೇನೂ ಕಾಣದು. ಗಂಟಲ ಗಡ್ಡೆಯಿಂದ ದಾರಿ ತೀರಾ ಕಿರಿದಾಗಿದ್ದರೆ ಸ್ಕೋಪೇ ಹೋಗಿ ಅದನ್ನು ಮುಚ್ಚಿಬಿಡಬಹುದು. ಅಂಥವರಿಗೆ ಕತ್ತಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಶ್ವಾಸನಾಳಕ್ಕೆ ನೇರವಾಗಿ ರಂಧ್ರ ಮಾಡುವ ಟ್ರೇಕಿಯಾಸ್ಟಮಿ ಮಾಡುವುದೇ ಎಷ್ಟೋ ಸಲ ಕ್ಷೇಮ.

ಎಚ್ಚರದಲ್ಲಿ ಟ್ಯೂಬ್ ಹಾಕುವುದೆಂದರೆ ಬಳುಕುವ ಸ್ಕೋಪೇ ಆಗಬೇಕೆಂಬ ರೂಢಿಯನ್ನು ಅದೇ ಡೆನ್ಮಾರ್ಕಿನ 2012ರ ಒಂದು ಪ್ರಯೋಗ ಅಲುಗಾಡಿಸಿತು. ಕಷ್ಟವಾಗಬಹುದೆಂದು ಮೊದಲೇ ಗುರುತಿಸಿದ, ಎಚ್ಚರವಿದ್ದ ರೋಗಿಗಳಲ್ಲಿ ವಿಡಿಯೋ ಬ್ಲೇಡು, ಬಳುಕುವ ಸ್ಕೋಪು ಎರಡೂ ತೆಗೆದುಕೊಂಡ ಸಮಯದಲ್ಲಿ ಗಣನೀಯ ಅಂತರ ಇರಲಿಲ್ಲ. ಅಂದರೆ ರೋಗಿಯನ್ನು ಮಲಗಿಸಬೇಕೇ ಬೇಡವೇ ಎಂಬುದು ಬೇರೆ ತೀರ್ಮಾನ, ಯಾವ ಸಾಧನ ಎಂಬುದು ಬೇರೆ. ನಮ್ಮ ಚರ್ಚೆಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ಜೀವ ಉಳಿಸುವುದರಲ್ಲಿ ಮೊದಲನೆಯದರ ಪಾಲೇ ದೊಡ್ಡದು ಎಂದು ನನ್ನ ಅನಿಸಿಕೆ.

ಜಿಲ್ಲಾಸ್ಪತ್ರೆಗೆ ಒಂದನ್ನೇ ಕೊಳ್ಳಲು ಹಣವಿದ್ದರೆ ವಿಡಿಯೋ ಬ್ಲೇಡೇ ಬರಲಿ; ಕಲಿಯುವುದು ಸುಲಭ, ಪರದೆ ನೋಡಿ ಪಕ್ಕದವರೂ ನೆರವಾಗಬಲ್ಲರು. ಆದರೆ ಬಾಯಿಯೇ ತೆರೆಯದ ಗುಟ್ಕಾ ರೋಗಿಗೆ ಬ್ಲೇಡನ್ನು ತೂರಿಸುವುದೆಲ್ಲಿ? ಕ್ಯಾನ್ಸರ್ ಆಸ್ಪತ್ರೆಗಳೂ ಮೆಡಿಕಲ್ ಕಾಲೇಜುಗಳೂ ಸ್ಕೋಪನ್ನು ಬಿಡುವಂತಿಲ್ಲ. ವಿಡಿಯೋ ಸಲೀಸಾದಷ್ಟೂ ಸ್ಕೋಪ್ ಹಿಡಿಯುವ ಅಭ್ಯಾಸ ತಪ್ಪುತ್ತಿರುವುದು ಚಿಂತೆಯ ಸಂಗತಿ. ಅದಕ್ಕಾಗಿ ಕಷ್ಟವಿಲ್ಲದ ರೋಗಿಗಳ ಮೇಲೆ ಪಿ.ಜಿ. ವಿದ್ಯಾರ್ಥಿಗಳಿಗೆ ಕಲಿಸಬಹುದೇ? ಅಗತ್ಯವಿಲ್ಲದವರಿಗೆ ಏಕೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೂ ಮೊದಲೇ ಹೇಳಿ ಒಪ್ಪಿಗೆ ಪಡೆದು, ರೋಗಿ ನಿದ್ದೆಯಲ್ಲಿರುವಾಗ, ಬಾಯಿಯ ಮೂಲಕ, ಹಿರಿಯರು ಪಕ್ಕದಲ್ಲೇ ನಿಂತು, ಆಕ್ಸಿಜನ್ ಇಳಿಯುವ ಮೊದಲೇ ನಿಲ್ಲಿಸುವ ಕರಾರಿನ ಮೇಲೆ ಕಲಿಸುವುದಾದರೆ ನಾನು ಅದರ ಪರ.